ಕಾಪಿ ಪುಸ್ತಕ ಕಂಡರೆ ಅಳುವ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗದಗಿನ ಜೋಡಿ ಊರಾದ ಬೆಟಗೇರಿಯ ಒಬ್ಬ ತಾಯಿ ಐದು ವರ್ಷದ ಮಗನನ್ನು ನನ್ನ ಬಳಿಗೆ ಕರೆತಂದಾಗ ಚೀಲದಲ್ಲಿ ಮೂರು ಕಾಪಿ ಪುಸ್ತಕಗಳಿದ್ದವು. "ಅಕ್ಕಾವರೇ, ಅ ದಿಂದ ಳ ವರೆಗೆ ಬಾಯಿಪಾಠ ಹೇಳುತ್ತಾನೆ. ಬರೆ ಎಂದರೆ ಅಳುತ್ತಾನೆ. ಪಕ್ಕದ ಮನೆಯ ಹುಡುಗಿ ಆಗಲೇ ಒತ್ತಕ್ಷರಕ್ಕೆ ಬಂದಿದ್ದಾಳೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಸಲ ಬೆರಳ ಮೇಲೆ ಹೊಡೆದಿದ್ದೇನೆ ಎಂದೂ ಹೇಳಿದರು.

ಹುಡುಗ ವರ್ಣಮಾಲೆಯನ್ನು ಹಾಡಿನಂತೆ ಒಪ್ಪಿಸಿದ. ನಡುವಿನ 'ದ' ತೋರಿಸಿ "ಇದೇನು ತಮ್ಮಾ?" ಎಂದೆ. ಮತ್ತೆ ಅ ದಿಂದ ಬೆರಳಿಟ್ಟು ಹಾಡುತ್ತ ಬಂದರೇನೇ ಅವನಿಗೆ ಅದು ಸಿಕ್ಕಿದ್ದು. ತೊಡಕು ಕೈಯದೊಂದೇ ಅಲ್ಲ. ಆಕಾರಕ್ಕೂ ದನಿಗೂ ನಂಟೇ ಕುದುರಿರಲಿಲ್ಲ. ಗುರುತಿಲ್ಲದ ಗೆರೆಯನ್ನು ಪುಟಗಟ್ಟಲೆ ತಿದ್ದಿಸುವುದು ಈ ವಯಸ್ಸಿಗೆ ಶಿಕ್ಷೆಯೇ ಸರಿ. ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಲು ಹೇಳಿದೆ; ದೋಷವೇನೂ ಕಾಣಲಿಲ್ಲ.

ಒಂದು ತಿಂಗಳು ಮನೆಯಲ್ಲಿ ಕಾಪಿ ಪುಸ್ತಕ ತೆಗೆಯಬೇಡಿ, ಕೈ ಎತ್ತಲೇಬೇಡಿ ಎಂದೆ. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಅ, ಆ, ಇ ಎಂದು ಸಾಲಾಗಿ ಹೋಗದೆ ರ, ಗ, ಸ, ದ, ಅ ಅಕ್ಷರಗಳಿಂದ ಆರಂಭಿಸುತ್ತಾರೆ; ಬೇಗನೆ ಸರ, ಅರಸ, ಗರಗಸ ಎಂದು ಪದ ಕಟ್ಟಬಹುದು. ನಾನು ಅವುಗಳಲ್ಲಿ ಗ, ದ ಎರಡನ್ನೇ ಆರಿಸಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣನ್ನೇ ಹುರಿಯಂತೆ ಹೊಸೆದು ಅಕ್ಷರ ಬಾಗಿಸಲಿ. ನೀವು ರೊಟ್ಟಿ ಬಡಿಯುವಾಗ ಅವನಿಗೊಂದು ಪರಾತದಲ್ಲಿ ಜೋಳದ ಹಿಟ್ಟು ಹರಡಿಕೊಡಿ, ತೋರುಬೆರಳಿನಿಂದ ತೀಡಲಿ. ಬೆರಳು ಸಾಗುವಾಗ ಬಾಯಲ್ಲಿ ಆ ದನಿ ಇರಬೇಕು. ಇದನ್ನು ಬಿಟ್ಟರೆ ಉಳಿಯುವುದು ಬರಿಯ ಮಣ್ಣಾಟ. ಹತ್ತು ನಿಮಿಷ ಸಾಕು, ಬೇಸರ ಬಂದರೆ ಅಲ್ಲಿಗೇ ಬಿಡಿ.

"ಆಡುತ್ತ ಕೂತರೆ ಬರೆಯುವುದು ಯಾವಾಗ?" ಎಂದರು. ಹೊಸೆಯುವ, ಹಿಸುಕುವ ಬೆರಳಿಗೇ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ ಎಂದೆ. ಅರೆನಂಬಿಕೆಯಲ್ಲೇ ಹೋದರು. ಮನೆಗೆಲಸ ಕಡಿಮೆ ಮಾಡುವಂತೆ ಶಿಕ್ಷಕಿಯನ್ನು ಕೇಳಲು ಅವರಿಗೆ ಎರಡು ವಾರ ಧೈರ್ಯ ಸಾಲಲಿಲ್ಲ.

ಐದನೆಯ ವಾರ ಬಸ್ ನಿಲ್ದಾಣದಲ್ಲಿ ಹುಡುಗ ತಾಯಿಯ ಸೆರಗು ಜಗ್ಗಿ ಬಸ್ಸಿನ ಫಲಕ ತೋರಿಸಿದನಂತೆ: "ಅವ್ವಾ, ಗ, ದ, ಗ. ನಮ್ಮ ಊರು!" ಹೇಳುವಾಗ ಆಕೆಯ ಕಣ್ಣು ತುಂಬಿತ್ತು, ನನ್ನದೂ. ಪಕ್ಕದ ಫಲಕದ 'ಬೆಟಗೇರಿ'ಯಲ್ಲಿ ಮಾತ್ರ ಅವನು ತಡೆದು ನಿಂತನಂತೆ: "ಇಲ್ಲಿಯೂ ಗ ಇದೆ, ಆದರೆ ಅದರ ತಲೆಯ ಮೇಲೆ ಏನೋ ಕೂತಿದೆ."

ಮುಂದಿನ ಭೇಟಿಗೆ ಇನ್ನಷ್ಟು ಮಣ್ಣು ತರಲು ಹೇಳಿದ್ದೇನೆ. ಕಾಗುಣಿತದ ದಾರಿಯನ್ನು ಅವನೇ ತೆರೆದಿದ್ದಾನೆ.