ಲೋನಾ, ಸ್ಕಾಲರ್‌ಶಿಪ್ಪಾ ಅಂತ ಕೇಳುವ ಮೊದಲು ನಿಮ್ಮ ಆಧಾರ್ ಯಾವ ಬ್ಯಾಂಕಿನಲ್ಲಿ ಕೂತಿದೆ ನೋಡಿ

ಬೆಂಗಳೂರಿನ ಖಾಸಗಿ ವಿವಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ, ಎರಡು ವರ್ಷಕ್ಕೆ 3 ಲಕ್ಷ, ಅದಕ್ಕೆ ಬ್ಯಾಂಕ್ ಸಾಲ. ಇಲ್ಲಾಂದ್ರೆ ಕೋಲಾರದಲ್ಲಿ ಸಿಕ್ಕಿರುವ ಸರ್ಕಾರಿ ಸೀಟು, ಸ್ಕಾಲರ್‌ಶಿಪ್ ನಂಬಿಕೊಂಡು. ಇವೆರಡರಲ್ಲಿ ಯಾವುದು ಹಿಡಿಯಲಿ ಅಂತ ನಿಮ್ಮ ಪೋಸ್ಟಿನಲ್ಲಿ ಕೇಳಿದ್ದೀರಿ, ಮುಳಬಾಗಿಲು ಕಡೆಯವರು ಅಂತಲೂ ಬರೆದಿದ್ದೀರಿ. ನಾನು ಶ್ರೀನಿವಾಸಪುರ ತಾಲ್ಲೂಕಿನವಳು. 2021ರಲ್ಲಿ ನನ್ನ ಮುಂದೆಯೂ ಇದೇ ಎರಡು ದಾರಿ ಇದ್ದವು, ಸಬ್ಜೆಕ್ಟ್ ಕೂಡ ಇದೇ. ನಾನು ಕೋಲಾರ ಹಿಡಿದೆ. ಆ ಲೆಕ್ಕ ಸರಿಯಾಗೇ ಇತ್ತು, ಏಟು ಬಿದ್ದಿದ್ದು ಬೇರೆ ಕಡೆಯಿಂದ.

ಡಿಗ್ರಿ ಮುಗಿದದ್ದು ಕೊರೊನಾ ಹೊತ್ತಲ್ಲಿ. ಪಿಜಿ ಅಡ್ಮಿಷನ್ ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನೆ ಮನೇಲಿ ಯಾಕೆ ಕೂರೋದು ಅಂತ ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಗೆ ಕಂಟ್ರಾಕ್ಟರ್ ಮೂಲಕ ಸೇರಿಕೊಂಡೆ. ಮೊದಲ ದಿನ ನಮ್ಮನ್ನೆಲ್ಲ ಒಂದು ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದರು. ಬ್ಯಾಂಕಿನ ಹುಡುಗನೊಬ್ಬ ಟ್ಯಾಬ್ ಮತ್ತು ಬೆರಳಚ್ಚು ಒತ್ತುವ ಪುಟ್ಟ ಡಬ್ಬಿ ಹಿಡಿದು ಕೂತಿದ್ದ. ನನ್ನ ಹೆಬ್ಬೆರಳು ಅದು ತಗೊಳ್ಳಲೇ ಇಲ್ಲ. "ದುಪ್ಪಟ್ಟಾಕ್ಕೆ ಒರೆಸಿ ಇನ್ನೊಂದು ಸಲ ಒತ್ತಿ ಮೇಡಂ" ಅಂದ. ಒತ್ತಿದೆ, ಕೆಂಪು ದೀಪ ಮಿನುಗಿತು. ಸ್ಕ್ರೀನಿನ ತುಂಬ ಇಂಗ್ಲಿಷಿನಲ್ಲಿ ಏನೇನೋ ಇತ್ತು, ಕೆಳಗಿದ್ದ ಟಿಕ್ಕುಗಳನ್ನೆಲ್ಲ ಅವನೇ ಹಾಕಿದ. ಸ್ಯಾಲರಿ ಅಕೌಂಟ್ ಆಯಿತು ಅಂತ ನಾನು ಮುಂದೆ ಸರಿದೆ. ಕೆಲವು ತಿಂಗಳು ಕೆಲಸ ಮಾಡಿ, ಪಿಜಿ ಸೀಟು ಸಿಕ್ಕ ಮೇಲೆ ಬಿಟ್ಟು ಬಂದೆ. ಅಲ್ಲಿ ಕೊಟ್ಟಿದ್ದ ಸಿಮ್ ರೀಚಾರ್ಜ್ ಇಲ್ಲದೆ ಸತ್ತುಹೋಯಿತು. ಎಟಿಎಂ ಕಾರ್ಡ್ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹಾಸ್ಟೆಲ್ ಸೀಟು ಸಿಗಲಿಲ್ಲ. ಎಸ್‌ಎಸ್‌ಪಿಯಲ್ಲಿ, ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ವಿದ್ಯಾಸಿರಿಗೆ ಅರ್ಜಿ ಹಾಕಿದೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ-ವಸತಿಗೆ ಅಂತ ನಮ್ಮ ಕಾಲಕ್ಕೆ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಅರ್ಜಿಯಲ್ಲೇನೂ ತಪ್ಪಿರಲಿಲ್ಲ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ ಕೂಡಲೇ ಹೆಸರು ಹೊಂದಿತು, ಕಾಲೇಜಿನವರು ವೆರಿಫೈ ಮಾಡಿದರು. 2022ರಲ್ಲಿ ನಮ್ಮ ಕ್ಲಾಸಿನ ಹುಡುಗಿಯರಿಗೆಲ್ಲ ದುಡ್ಡು ಬಂತು, ನನಗೆ ಬರಲಿಲ್ಲ. ಊರಿನ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಸಾಕಾಯಿತು. ಕಚೇರಿಯೊಂದರ ಕೌಂಟರಿನಲ್ಲಿ ಕೇಳಿದರೆ "ಬಂದೋರಿಗೆ ಬಂದಿದೆ, ಬರದೇ ಇರೋರಿಗೆ ಬಂದಿಲ್ಲಮ್ಮ" ಅಂದರು. ಗೆಳತಿಯೊಬ್ಬಳು "ನಿಮ್ಮಣ್ಣ ಕೆಲಸಕ್ಕೆ ಹೋಗ್ತಾನಲ್ಲ, ಇನ್‌ಕಮ್ ಜಾಸ್ತಿ ಅಂತ ಹೊಡೆದುಹಾಕಿರ್ತಾರೆ" ಅಂದಳು. ನಾನು ಅದನ್ನೇ ನಂಬಿದೆ.

ನನ್ನ ತಪ್ಪು ಇಲ್ಲೇ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ಈಗಲೂ ಪ್ರತಿ ವರ್ಷ ಯಾರೋ ಒಬ್ಬರು ನನ್ನ ಕಣ್ಣೆದುರೇ ಇದನ್ನು ಮಾಡುತ್ತಾರೆ. ಸರ್ಕಾರದ ದುಡ್ಡು ನೀವು ಮನಸ್ಸಲ್ಲಿ ಇಟ್ಟುಕೊಂಡ ಅಕೌಂಟಿಗೆ ಬರೋದಿಲ್ಲ. ಆಧಾರ್ ನಂಬರಿಗೆ ಬರುತ್ತದೆ. ಆ ಆಧಾರ್ ಯಾವ ಬ್ಯಾಂಕಿನಲ್ಲಿ ಸೀಡ್ ಆಗಿದೆ, ಅಂದ್ರೆ ದುಡ್ಡು ಇಳಿಯಲು ಯಾವ ಬ್ಯಾಂಕಿಗೆ ಜೋಡಿಸಿದ್ದಾರೆ ಅಂತ, ಬ್ಯಾಂಕುಗಳ ನಡುವೆ ದುಡ್ಡು ದಾಟಿಸುವ ಎನ್‌ಪಿಸಿಐ ಸಂಸ್ಥೆಯವರ ಹತ್ತಿರ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಗೆ ಯಾರು ಸೀಡ್ ಮಾಡಿದರೋ ಅವರದು. ನಿಮ್ಮ ನಾಲ್ಕು ಅಕೌಂಟಿಗೂ ಆಧಾರ್ "ಲಿಂಕ್" ಆಗಿರಬಹುದು, ಗುರುತಿನ ಪುರಾವೆಗೆ (ಕೆವೈಸಿ) ಕೊಟ್ಟಿರುತ್ತೀರಿ. ಬ್ಯಾಂಕಿನಲ್ಲಿ ಕೇಳಿದರೆ ಅವರೂ "ಲಿಂಕ್ ಆಗಿದೆ" ಅಂತಲೇ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಡಿಬಿಟಿ, ಅಂದ್ರೆ ಸರ್ಕಾರ ನೇರವಾಗಿ ಹಾಕುವ ದುಡ್ಡು, ಇಳಿಯೋದು ಪಟ್ಟಿಯಲ್ಲಿರುವ ಆ ಒಂದು ಬ್ಯಾಂಕಿಗೆ ಮಾತ್ರ. ನನ್ನದು ನರಸಾಪುರದ ಶೆಡ್ಡಿನಲ್ಲಿ ಹೆಬ್ಬೆರಳು ಒತ್ತಿದ ದಿನವೇ ಗ್ರಾಮೀಣ ಬ್ಯಾಂಕಿನಿಂದ ಕಿತ್ತುಕೊಂಡು ಹೋಗಿತ್ತು.

ಅದಾದರೂ ತಿಳಿಯದೆ ಆಗಿದ್ದು ಅನ್ನಬಹುದು. ದುಡ್ಡು ಬರಲಿಲ್ಲ ಅಂದರೆ ಮಂಜೂರಾಗಿಲ್ಲ ಅಂತ ನಾನೇ ತೀರ್ಮಾನ ಮಾಡಿದೆನಲ್ಲ, ಅದಕ್ಕೆ ಮಾತ್ರ ನೆಪ ಇಲ್ಲ. ಆ ತೀರ್ಮಾನದ ಮೇಲೆ ಎರಡನೇ ವರ್ಷ ಅರ್ಜಿಯನ್ನೇ ಹಾಕಲಿಲ್ಲ. ಮೊದಲ ವರ್ಷದ್ದು ಎಲ್ಲೋ ಸಿಕ್ಕಿಕೊಂಡಿತ್ತು ಅಷ್ಟೇ, ಎರಡನೇ ವರ್ಷದ್ದು ಪೂರ್ತಿ ಮುಳುಗಿತು. ಆಮೇಲೆ ಯಾರೂ ಕೊಡೋದಿಲ್ಲ.

ಅಪ್ಪ ನನಗಾಗಿ ಮಾವಿನ ಮಂಡಿಯವರ ಹತ್ತಿರ 25,000 ತಂದರು. "ಬಡ್ಡಿಗಿಡ್ಡಿ ಏನೂ ಬೇಡ, ಕಾಯಿ ಮಾತ್ರ ನಮ್ಮಲ್ಲಿಗೇ ಹಾಕಿ" ಅಂದರಂತೆ. ಧರ್ಮಾತ್ಮರು. ಆ ಬೇಸಿಗೆಯಲ್ಲಿ ಪಕ್ಕದ ಮಂಡಿಯಲ್ಲಿ ತೋತಾಪುರಿಗೆ ಟನ್ನಿನ ಮೇಲೆ ಜಾಸ್ತಿ ಕೂಗುತ್ತಿದ್ದರೂ ನಮ್ಮ ಟ್ರ್ಯಾಕ್ಟರ್ ಅದರ ಮುಂದೆಯೇ ಹಾದು ಹೋಗಬೇಕಾಯಿತು. ಬಡ್ಡಿ ಎಷ್ಟು ಬಿತ್ತು ಅಂತ ಅಪ್ಪ ಇವತ್ತಿಗೂ ಲೆಕ್ಕ ಹಾಕಿಲ್ಲ, ನಾನು ಹಾಕಿದ್ದೇನೆ, ಅವರಿಗೆ ಹೇಳಿಲ್ಲ. ಎರಡನೇ ವರ್ಷ ನಮ್ಮ ಗೈಡ್ ಬೆಂಗಳೂರಿನ ಲ್ಯಾಬೊಂದರಲ್ಲಿ ಪ್ರಾಜೆಕ್ಟಿಗೆ ಜಾಗ ಮಾಡಿಕೊಟ್ಟಿದ್ದರು. ರೂಮಿಗೆ ಅಡ್ವಾನ್ಸ್ ಇಲ್ಲ ಅಂತ ಹೋಗಲಿಲ್ಲ, ಕಾಲೇಜಿನಲ್ಲೇ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆದು ಮುಗಿಸಿದೆ.

ಗೊತ್ತಾಗಿದ್ದು 2023ರಲ್ಲಿ, ಗೃಹಲಕ್ಷ್ಮಿ ಶುರುವಾದಾಗ. ಅಮ್ಮನಿಗೆ 2,000 ಬಂದಿಲ್ಲ ಅಂತ ಊರಿನ ಸೈಬರ್‌ಗೆ ಕರಕೊಂಡು ಹೋದೆ. ಅವನು ಡಿಬಿಟಿ ಕರ್ನಾಟಕ ಆ್ಯಪ್ ತೆಗೆದು ಅಮ್ಮನದು ನೋಡಿದ. "ಅಕ್ಕ, ನಿಮ್ದೂ ನೋಡ್ಬಿಡ್ಲಾ?" ಅಂದ. ಆಧಾರ್ ನಂಬರ್ ಹೇಳಿ ಓಟಿಪಿ ಕೊಟ್ಟೆ. ವಿದ್ಯಾಸಿರಿ, 15,000, ಪಕ್ಕದಲ್ಲಿ ನಾನು ಮರೆತೇಬಿಟ್ಟಿದ್ದ ಬ್ಯಾಂಕಿನ ಹೆಸರು. ದಿನಾಂಕ ಹಿಂದಿನ ವರ್ಷದ್ದು. ಅಮ್ಮ ಪಕ್ಕದಲ್ಲೇ ನಿಂತು "ಏನಂತೆ?" ಅಂತ ಕೇಳುತ್ತಿದ್ದರು. ಸಂಬಳ ಬರೋದು ನಿಂತ ಮೇಲೆ ಆ ಅಕೌಂಟು ಸಾಮಾನ್ಯ ಎಸ್‌ಬಿ ಆಗಿಹೋಗಿತ್ತು, ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಹಳೆಯ ದಂಡವನ್ನೆಲ್ಲ ನನ್ನ ವಿದ್ಯಾಸಿರಿಯಿಂದಲೇ ಮುರಿದುಕೊಂಡಿದ್ದರು. ಉಳಿದದ್ದು ತೆಗೆದು ಅಕೌಂಟ್ ಮುಚ್ಚಿಸಿದೆ.

ಈಗ ನಿಮ್ಮ ವಿಷಯ. ಲೋನಾ ಸ್ಕಾಲರ್‌ಶಿಪ್ಪಾ ಅಂತ ಎದುರುಬದುರು ನಿಲ್ಲಿಸಿರೋದೇ ನನಗೆ ಒಪ್ಪಿಗೆ ಇಲ್ಲ. ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಅದನ್ನು ನಂಬಿ ಫೀ ಕಟ್ಟಲು ಆಗೋದಿಲ್ಲ, ಅದು ಬಂದ ಮೇಲೆ ಸಾಲ ತೀರಿಸಬಹುದು ಅಷ್ಟೇ. ಮೊದಲ ಸೆಮಿಸ್ಟರಿನ ದುಡ್ಡು ಬೇರೆ ಕಡೆಯಿಂದಲೇ ಆಗಬೇಕು. ಅದು ಕೋಲಾರದಲ್ಲಾದರೆ ಸಾವಿರಗಳಲ್ಲಿ ಮುಗಿಯುತ್ತದೆ, ನೀವು ಹೇಳುವ ಕಡೆ ಮುಕ್ಕಾಲು ಲಕ್ಷದ ಹತ್ತಿರ ಬೇಕು.

3 ಲಕ್ಷ ಒಂದೇ ಸಲಕ್ಕೆ ತಗೊಂಡಿರಿ, ಶೇ 10ರ ಬಡ್ಡಿ ಅಂದುಕೊಳ್ಳಿ. ಓದುವ ಎರಡು ವರ್ಷ, ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಖುಷಿಯಾಗಿ ಹೇಳುತ್ತಾರೆ. ಬಡ್ಡಿ ಓಡುತ್ತಲೇ ಇರುತ್ತದೆ, ಮೂರು ವರ್ಷಕ್ಕೆ 90,000. ಆಮೇಲೆ 3.9 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಆರೂವರೆ ಸಾವಿರದ ಹತ್ತಿರ ಕಂತು. ನಮ್ಮ ಬ್ಯಾಚಿನವರಿಗೆ ಮಾಲೂರು, ಜಿಗಣಿ ಕಡೆ ಫ್ಯಾಕ್ಟರಿಗಳ ಕ್ಯುಸಿಯಲ್ಲಿ (ಗುಣಮಟ್ಟ ಪರೀಕ್ಷಿಸುವ ವಿಭಾಗ) ಸಿಕ್ಕ ಮೊದಲ ಸಂಬಳ 18 ಸಾವಿರದ ಆಸುಪಾಸು. ಓದುವಾಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ, ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದವರಿಗೆ. ಆದರೆ ಅದು ಎಂಸಿಎ, ಎಂಟೆಕ್‌ನಂಥ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ಬರೀ ಎಂಎಸ್ಸಿಗೆ ಸಿಗುತ್ತೆ ಅಂತ ಏಜೆಂಟ್ ಹೇಳಿದರೆ ಬರೆದುಕೊಡಿ ಅನ್ನಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ, ಕೇಂದ್ರದ ಶಿಕ್ಷಣ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಅದಕ್ಕೆ ಮಾತ್ರ ನಿಮ್ಮ ಸಂಸ್ಥೆ ಅವರ ಪಟ್ಟಿಯಲ್ಲಿರಬೇಕು. ಎಲ್ಲ ಖಾಸಗಿ ವಿವಿಗಳೂ ಅದರಲ್ಲಿಲ್ಲ, ಮೊದಲು ಅದನ್ನು ನೋಡಿ.

ಅಪ್ಪ ಅರ್ಧ ಎಕರೆ ಮಾರಲು ತಯಾರಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಸಾಲ ಮಾಡಲೇಬೇಕು ಅಂತಾದರೆ ಬ್ಯಾಂಕಿನ ಶಿಕ್ಷಣ ಸಾಲಕ್ಕೇ ಹೋಗಿ. 4 ಲಕ್ಷದವರೆಗೆ ಪೋಷಕರು ಜೊತೆಗೆ ಸಹಿ ಹಾಕಿದರೆ ಸಾಕು, ಜಮೀನು ಪತ್ರ ಇಡಬೇಕಾಗಿಲ್ಲ. ಮ್ಯಾನೇಜರ್ ಪಹಣಿ ತನ್ನಿ, ಒಡವೆ ಇದೆಯಾ ಅಂತ ಶುರು ಮಾಡಿದರೆ ಎದ್ದು ಬನ್ನಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಲ್ಲಿ ಹಾಕಿದ ಅರ್ಜಿಗೆ ದಾಖಲೆ ಉಳಿಯುತ್ತದೆ, ಬಾಯಿಮಾತಿನಲ್ಲಿ ಕಳಿಸಿಬಿಡಲು ಆಗೋದಿಲ್ಲ. ಚಿನ್ನ ಬೇಡ, ಮಂಡಿ ಬೇಡ.

ನನ್ನನ್ನು ಕೇಳಿದರೆ ಕೋಲಾರ ಸೇರಿ. ಖಾಸಗಿ ವಿವಿಯಲ್ಲಿ ಪ್ಲೇಸ್‌ಮೆಂಟ್ ಇದೆ ಅಂತೀರಿ. ನಾನು ಹೋದ ಇಂಟರ್‌ವ್ಯೂಗಳಲ್ಲೆಲ್ಲ ಕಾಲೇಜಿನ ಹೆಸರಿಗಿಂತ ಮೊದಲು ಕೇಳಿದ್ದು "ಎಚ್‌ಪಿಎಲ್‌ಸಿ ಮೇಲೆ ಕೆಲಸ ಮಾಡಿದ್ದೀರಾ?" ಅಂತ. ಅದು ಮಿಶ್ರಣದಲ್ಲಿರುವ ರಾಸಾಯನಿಕಗಳನ್ನು ಬಿಡಿಸಿ ಅಳೆಯುವ ಯಂತ್ರ. ನಾನು ಮುಟ್ಟಿರಲಿಲ್ಲ, ಬೆಂಗಳೂರಿನ ಲ್ಯಾಬಿಗೆ ಹೋಗಲಿಲ್ಲ ಅಂತ ಮೇಲೆ ಹೇಳಿದೆನಲ್ಲ. 3 ಲಕ್ಷದಲ್ಲಿ ಹತ್ತನೇ ಒಂದು ಪಾಲು ಕೈಯಲ್ಲಿದ್ದರೂ ಕೊನೆಯ ಸೆಮಿಸ್ಟರಿಗೆ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಅದನ್ನು ಕಲಿಯಬಹುದು.

ಸೇರಿದ ಮೊದಲ ವರ್ಷವೇ ಎನ್‌ಎಸ್‌ಪಿಯಲ್ಲಿ (ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್) ಯುಜಿಸಿಯ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ ಹಾಕಿ. ವರ್ಷಕ್ಕೆ 10,000 ಮಂದಿಗೆ ಕೊಡುತ್ತಾರೆ, ತಿಂಗಳಿಗೆ 15,000, ಹತ್ತು ತಿಂಗಳು. ಡಿಗ್ರಿ ಅಂಕದ ಮೇಲೆ ಆಯ್ಕೆ, ನಿಮ್ಮದು ಚೆನ್ನಾಗಿದೆ. ನಮ್ಮ ಕಡೆ ಇದರ ಹೆಸರನ್ನೇ ಯಾರೂ ಎತ್ತೋದಿಲ್ಲ. ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಪಿಜಿ ಹುಡುಗರಿಗೆ 10,000, ಹುಡುಗಿಯರಿಗೆ 11,000 ಇತ್ತು. ಅದಕ್ಕೆ ಅಪ್ಪನ ಎಫ್‌ಐಡಿ, ಅಂದ್ರೆ ರೈತರ ನೋಂದಣಿ ಸಂಖ್ಯೆ ಬೇಕು, ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಎರಡನೇ ವರ್ಷದಲ್ಲೇ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಆದರೆ 2023ರಿಂದ ತಿಂಗಳಿಗೆ 37,000, ಮುಂದಿನ ಓದಿಗೆ ಯಾರ ಮುಂದೆಯೂ ನಿಲ್ಲಬೇಕಿಲ್ಲ.

ಇದೆಲ್ಲಕ್ಕೂ ಮೊದಲು, ಇವತ್ತೇ, ಮೈ ಆಧಾರ್ ಸೈಟಿಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಬೇರೆ ಬ್ಯಾಂಕಿನ ಹೆಸರು ಬಂದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತ ಅದೇ ಮಾತಿನಲ್ಲಿ ಕೇಳಿ ಫಾರಂ ಕೊಡಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ರಜೆಯಲ್ಲಿ ವೇಮಗಲ್, ನರಸಾಪುರ ಅಂತ ಎಲ್ಲಾದರೂ ಕೆಲಸಕ್ಕೆ ಹೋಗಿ ಹೆಬ್ಬೆರಳು ಒತ್ತಿದ್ದರೆ ಇನ್ನೊಮ್ಮೆ ನೋಡಿ.

ಕೋಲಾರದ ಸೀಟಿಗೆ ಫೀ ಕಟ್ಟಲು ಕೊನೆ ದಿನ ಯಾವತ್ತು ಅಂತ ನೀವು ಬರೆದಿಲ್ಲ. ಆದಾಯ ಪ್ರಮಾಣಪತ್ರ ಯಾವ ವರ್ಷದ್ದು ಅಂತಲೂ ಇಲ್ಲ, ಐದು ವರ್ಷ ದಾಟಿದ್ದರೆ ಹೊಸದು ಮಾಡಿಸಬೇಕು. ಇವೆರಡನ್ನೂ ಕೆಳಗೆ ಹಾಕಿ, ಸಂಜೆ ಶಿಫ್ಟ್ ಮುಗಿದ ಮೇಲೆ ನೋಡಿ ಹೇಳುತ್ತೇನೆ.