ಡ್ರಮ್ಮಿನ ಹಳೆಯ ರೇಸ್ ಉಳಿಸಬಹುದೇ?

ಪ್ರಶ್ನೆ: ಬ್ರೇಕ್ ಡ್ರಮ್ಮಿಗೆ ಹೊಸ ಟೇಪರ್ ಬೇರಿಂಗ್ ತಂದಿದ್ದೇನೆ. ಹಳೆಯ ರೇಸನ್ನೇ (ಬೇರಿಂಗಿನ ರೋಲರ್‌ಗಳು ಉರುಳುವ ಹೊರಗಿನ ಉಕ್ಕಿನ ಬಳೆ) ಉಳಿಸಿಕೊಳ್ಳಬಹುದೇ?

ಉತ್ತರ: ಬೇಡವೇ ಬೇಡ. ಸವೆದ ರೇಸ್ ಹೊಸ ರೋಲರ್‌ಗಳನ್ನೂ ಬೇಗ ಹಾಳುಮಾಡುತ್ತದೆ. ಸೀಲ್ ಕಿತ್ತು, ಗ್ರೀಸ್ ಒರೆಸಿ, ಡ್ರಮ್ಮನ್ನು ಮರದ ತುಂಡುಗಳ ಮೇಲಿಡಿ. ಎದುರು ಬದಿಯಿಂದ ಹಿತ್ತಾಳೆ ಪಂಚ್ ಇಳಿಸಿ, ರೇಸಿನ ಒಳ ಅಂಚಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೊಡೆಯಿರಿ. ಒಂದೇ ಕಡೆ ಬಡಿದರೆ ಅದು ಓರೆಯಾಗಿ ಸಿಕ್ಕಿಕೊಂಡು ಹಬ್‌ನಲ್ಲಿ (ಡ್ರಮ್ಮಿನ ನಡುಭಾಗ) ರೇಸ್ ಕೂರುವ ಗೂಡನ್ನು ಗೀಚುತ್ತದೆ. ಆಮೇಲೆ ಹೊಸ ರೇಸ್ ಬಿಗಿಯಾಗಿ ಕೂರುವುದಿಲ್ಲ.

ಗೂಡಿನ ತಳ ಚೊಕ್ಕಟವಾಗಿರಲಿ. ಹೊಸ ರೇಸಿನ ದಪ್ಪ ಅಂಚು ಒಳಕ್ಕೆ, ಅಗಲ ಬಾಯಿ ಹೊರಕ್ಕೆ. ರೋಲರ್ ಉರುಳುವ ಮೈಗೆ ಪಂಚ್ ತಾಗಲೇಬಾರದು. ಸುತ್ತಿಗೆಯ ಸದ್ದು ಗಟ್ಟಿಯಾಗಿ ಬದಲಾದರೆ ತಳ ಮುಟ್ಟಿತೆಂದು ಅರ್ಥ. ಆದರೂ ಹಿಂದಿನಿಂದ ಸಂದು ಉಳಿದಿದೆಯೇ ನೋಡಿ. ಗಡಸು ಉಕ್ಕು ಸಿಡಿಯಬಹುದು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.