ಮಕ್ಕಳ ವೆಬ್ ಪುಟ ಎಲ್ಲರಿಗೂ ಕಾಣಲು

ಪ್ರಶ್ನೆ: ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಊರಿನ ಕೆರೆಯ ಬಗ್ಗೆ ವೆಬ್ ಪುಟ ಮಾಡಿದ್ದಾರೆ. ಖರ್ಚಿಲ್ಲದೆ ಪ್ರಕಟಿಸುವುದು ಹೇಗೆ? ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ ಮೊಬೈಲಿನಲ್ಲಿ ಓದಲಾಗುತ್ತಿಲ್ಲ.

ಉತ್ತರ: ಮೊದಲು ಅಕ್ಷರ ಸರಿಪಡಿಸಿ. ನುಡಿಯಂಥ ಹಳೆಯ ಆಸ್ಕಿ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ‘ಕೆರೆ’ ಬರೀ ಚಿಹ್ನೆಗಳ ಕಲಸುಮೇಲೋಗರ. ಗೂಗಲ್‌ನಲ್ಲಿ ‘ಕೆರೆ’ ಎಂದು ಹುಡುಕಿದರೂ ಸಿಗದು. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಮಕ್ಕಳಿಂದಲೇ ತಿದ್ದಿಸಿ. ಫೈಲನ್ನು ಯೂನಿಕೋಡ್ ಉಳಿಸುವ ಯುಟಿಎಫ್-8 ರೂಪದಲ್ಲಿ ಉಳಿಸಿ, ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ಅದನ್ನು ಬ್ರೌಸರ್‌ಗೆ ತಿಳಿಸುವ ಮೆಟಾ ಚಾರ್‌ಸೆಟ್ ಸಾಲು (<meta charset="utf-8">) ಸೇರಿಸಿ.

ಪ್ರಕಟಣೆಗೆ ಗಿಟ್‌ಹಬ್ ಜಾಲತಾಣದ ವೆಬ್ ಪುಟ ಸೇವೆಯಾದ ಗಿಟ್‌ಹಬ್ ಪೇಜಸ್ ಸಾಕು, ಉಚಿತ. ಖಾತೆ ತೆರೆಯುವವರಿಗೆ 13 ವರ್ಷ ತುಂಬಿರಬೇಕು. ಪಬ್ಲಿಕ್ ರೆಪಾಸಿಟರಿ (ಎಲ್ಲರಿಗೂ ಕಾಣುವ ಫೈಲುಗಳ ಸಂಗ್ರಹ) ತೆರೆದು ಫೈಲುಗಳನ್ನು ಏರಿಸಿ. ಸೆಟ್ಟಿಂಗ್ಸ್‌ನ ಪೇಜಸ್‌ನಲ್ಲಿ ಮೇನ್ ಬ್ರಾಂಚ್ (ಫೈಲುಗಳ ಮುಖ್ಯ ಆವೃತ್ತಿ) ಆರಿಸಿ ಸೇವ್ ಒತ್ತಿ. ಪುಟ ಕಾಣಿಸಲು 10 ನಿಮಿಷ ಹಿಡಿಯಬಹುದು. ಮುಖಪುಟದ ಹೆಸರು ಇಂಡೆಕ್ಸ್.ಎಚ್‌ಟಿಎಂಎಲ್ (index.html) ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಇರಲಿ. ಫೈಲ್ ಹೆಸರಿನಲ್ಲಿ ವಿಂಡೋಸ್ ದೊಡ್ಡಕ್ಷರ–ಸಣ್ಣಕ್ಷರ ಒಂದೇ ಎನ್ನುತ್ತದೆ, ಸರ್ವರ್ ಹಾಗಲ್ಲ. ಲ್ಯಾಬಿನಲ್ಲಿ ಕಂಡ ಚಿತ್ರ ಆನ್‌ಲೈನ್‌ನಲ್ಲಿ ಮಾಯವಾಗುವುದು ಹೆಚ್ಚಾಗಿ ಇದರಿಂದಲೇ.

ಪ್ರಶ್ನೆ: ಜನ ನೋಡುವಂತೆ ಮಾಡುವುದು ಹೇಗೆ?

ಉತ್ತರ: ಟೈಟಲ್‌ನಲ್ಲಿ ‘ಹೋಮ್’ ಬೇಡ, ಕೆರೆಯ ಹೆಸರು, ಊರು, ತಾಲ್ಲೂಕು ಬರೆಯಿರಿ. ಜಾಲತಾಣದ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಕೊಟ್ಟು ಇಂಡೆಕ್ಸಿಂಗ್ (ಗೂಗಲ್ ಹುಡುಕಾಟದ ಪಟ್ಟಿಗೆ ಸೇರಿಸುವಂತೆ) ಕೋರಿ. ಫೋಟೋಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಇಲ್ಲದಿದ್ದರೆ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಓದುಗರು ಹೋಗಿರುತ್ತಾರೆ. ಶಾಲೆಯ ಗೇಟಿಗೆ, ಪಂಚಾಯಿತಿ ಫಲಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ. ಮಕ್ಕಳ ಫೋನ್ ನಂಬರ್, ಮನೆ ವಿಳಾಸ ಮಾತ್ರ ಪುಟದಲ್ಲಿ ಎಲ್ಲಿಯೂ ಇರಕೂಡದು.